ಅಭಯವೂ ಹಕ್ಕೂ

ಶ್ರವಣಬೆಳ್ಗೊಳದ ಭಂಡಾರಿ ಬಸದಿಯ ಆವರಣದಲ್ಲಿ ಒಂದು ಶಿಲಾಶಾಸನವುಂಟು. ಬೆಟ್ಟವನ್ನು ಹತ್ತಿ ಗೊಮ್ಮಟನ ದರ್ಶನ ಮಾಡಿ, ಇಳಿದುಬಂದು, ಎಳನೀರು ಕುಡಿದು ಬಸ್ಸು ಹತ್ತುವ ಯಾತ್ರಿಕರಲ್ಲಿ ಬಹುಮಂದಿ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ನೋಡಿರೆಂದು ಅವರಿಗೆ ಹೇಳುವವರೂ ಇಲ್ಲ. 1368ನೆಯ ಇಸವಿಯಲ್ಲಿ, ವಿಜಯನಗರದ ಬುಕ್ಕರಾಯನ ಆಳ್ವಿಕೆಯಲ್ಲಿ ಹುಟ್ಟಿದ ಆ ಶಾಸನ ಹೇಳುವ ಸಂಗತಿ ಇದು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ ಮೊದಲಾದ ಎಡೆಗಳ ಜೈನರು ಒಟ್ಟುಗೂಡಿ, ವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ಅರಸನಲ್ಲಿ ಬಿನ್ನವಿಸಿಕೊಂಡರು. ಅರಸನು ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆಗಳೇ ಮೊದಲಾದ ಕ್ಷೇತ್ರಗಳ ಆಚಾರ್ಯರ ಸಮಕ್ಷಮದಲ್ಲಿ ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿ ಇರಿಸಿ, ಆ ದರ್ಶನಕ್ಕೂ ಈ ದರ್ಶನಕ್ಕೂ ಭೇದವಿಲ್ಲವೆಂದು ವಿಧಿಸಿದನು. ಪಂಚಮಹಾವಾದ್ಯಗಳೂ ಕಲಶವೂ ಜೈನರಿಗೆ ಪೂರ್ವದಂತೆಯೇ ಸಲ್ಲತಕ್ಕದ್ದೆಂದು ಗೊತ್ತುಮಾಡಿದನು. ಅಷ್ಟಕ್ಕೇ ನಿಲ್ಲದೆ, ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಎತ್ತಿ, ಆ ಹಣದಿಂದ ಬೆಳ್ಗೊಳದ ದೇವರಿಗೆ 20 ಮಂದಿ ಕಾವಲಿನವರನ್ನು ಇಡಬೇಕೆಂದೂ, ಮಿಕ್ಕುದರಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕೆಂದೂ ಏರ್ಪಾಟಾಯಿತು. ಆ ಏರ್ಪಾಟನ್ನು ನಡಸುವ ಹೊಣೆ ಬಿದ್ದುದು ತಿರುಮಲೆಯ ತಾತಯ್ಯನೆಂಬ ವೈಷ್ಣವನ ಮೇಲೆ! ಜಗಳವಾಡಿದವರ ಕೈಯಿಂದಲೇ ಕಾವಲು ಹಾಕಿಸಿದ ಈ ಜಾಣ್ಮೆಯನ್ನು ನೆನೆದಾಗಲೆಲ್ಲ ನನಗೆ ಬುಕ್ಕರಾಯನ ಮೇಲೆ ಪ್ರೀತಿಯುಕ್ಕುತ್ತದೆ.

ಮಾನವ ಹಕ್ಕುಗಳ ಚರಿತ್ರೆಯನ್ನು ಬರೆಯಹೊರಡುವ ನಮ್ಮವರು ಇಂಥ ಶಾಸನವೊಂದನ್ನು ಮುಂದಿಟ್ಟು, "ನೋಡಿರಿ, ನಮ್ಮಲ್ಲಿ ಇದೆಲ್ಲವೂ ಆಗಲೇ ಇದ್ದಿತು" ಎಂದು ಮೀಸೆ ತಿರುವುವುದು ವಾಡಿಕೆ. ನಾನು ಹಾಗೆ ಹೇಳಲಾರೆ. ಬುಕ್ಕರಾಯನು ಕೊಟ್ಟದ್ದು ಅಭಯ. ಅಭಯವು ಬಲು ದೊಡ್ಡದು. ಅದನ್ನು ಕೊಡಬಲ್ಲವನೂ ದೊಡ್ಡವನೇ. ಆದರೆ ಅದು ಕೊಡುವವನ ಗುಣವನ್ನು ಅವಲಂಬಿಸಿದ ವಸ್ತು. ಅರಸನು ಕೈ ಹಿಡಿದುದರಿಂದ ಜೈನರು ನೆಮ್ಮದಿಯಾಗಿದ್ದರು. ಅವನು ಕೈ ಬಿಟ್ಟಿದ್ದರೆ ಏನಾಗುತ್ತಿತ್ತೆಂಬುದಕ್ಕೆ ಆ ಕಲ್ಲಿನಲ್ಲಿ ಉತ್ತರವಿಲ್ಲ. ಯಾರೂ ಕೊಡದೆಯೇ ತನ್ನದಾಗಿರುವುದು, ಆದಕಾರಣ ಯಾರೂ ಕಸಿದುಕೊಳ್ಳಲು ನ್ಯಾಯವಿಲ್ಲದಿರುವುದು ಯಾವುದೋ ಅದು ಹಕ್ಕು. ಈ ಎರಡರ ನಡುವಣ ದಾರಿ ಉದ್ದವಾದುದು. ಅದನ್ನು ಮನುಷ್ಯಕುಲವು ನಡೆದುದಕ್ಕಿಂತ ಎಡವಿದುದೇ ಹೆಚ್ಚು.

'ಹಕ್ಕು' ಎಂಬ ಮಾತನ್ನೇ ಸ್ವಲ್ಪ ವಿಚಾರಿಸಬಹುದು. ಅದು ಅರಬ್ಬೀ ಮೂಲದ್ದು. ಪಾರಸಿಯ ದಾರಿಯಾಗಿ, ಕಂದಾಯ ಕಚೇರಿಯ ದಫ್ತರಗಳ ಬೆನ್ನೇರಿ ನಮ್ಮ ಹಳ್ಳಿಗಳಿಗೆ ಬಂದು, ಈಗ ಅಚ್ಚಗನ್ನಡದ ಮಾತೇ ಎಂಬಷ್ಟು ಒಗ್ಗಿಹೋಗಿದೆ. ಹಿಂದಿಯವರು ಇದೇ ಅರ್ಥಕ್ಕೆ 'ಅಧಿಕಾರ' ಎನ್ನುತ್ತಾರೆ, ಅವರದು 'ಮಾನವಾಧಿಕಾರ'. ನಮಗೆ ಆ ಮಾತು ಕಿವಿಗೆ ಬಿದ್ದರೆ ಅಮಲ್ದಾರರ ರುಮಾಲೂ ಮೇಜಿನ ಮೇಲಿನ ಮೊಹರೂ ಕಣ್ಣೆದುರು ನಿಲ್ಲುತ್ತವೆ. ಕನ್ನಡದಲ್ಲಿ ಅಧಿಕಾರವೆಂದರೆ ಮೇಲಿನವನ ಕೈಯಲ್ಲಿರುವುದು, ಹಕ್ಕೆಂದರೆ ಕೆಳಗಿನವನು ಕೇಳುವುದು. ಸಂಸ್ಕೃತದ ಶಾಸ್ತ್ರಗ್ರಂಥಗಳಲ್ಲಿಯಾದರೋ ಅಧಿಕಾರವೆಂದರೆ ಅರ್ಹತೆ: ವೇದಾಧ್ಯಯನಕ್ಕೆ ಯಾರು ಅಧಿಕಾರಿ, ಯಾರು ಅಲ್ಲ ಎಂಬ ಚರ್ಚೆಯಲ್ಲಿ ಶೂದ್ರರನ್ನೂ ಹೆಂಗಸರನ್ನೂ ಬಾಗಿಲ ಹೊರಗೆ ನಿಲ್ಲಿಸಲು ಬಳಕೆಯಾದ ಮಾತದು. ಅರ್ಹತೆಯನ್ನು ಕೇಳದೆ, ಕುಲ ಲಿಂಗ ವಿದ್ಯೆ ಸಂಪತ್ತುಗಳ ತಪಶೀಲನ್ನು ವಿಚಾರಿಸದೆ, ಮನುಷ್ಯನಾಗಿ ಹುಟ್ಟಿದ ಮಾತ್ರದಿಂದಲೇ ಸಲ್ಲತಕ್ಕ ಒಂದು ವಸ್ತುವಿಗೆ ಕನ್ನಡವು ಆ ಘನವಾದ ಶಬ್ದವನ್ನು ಬಿಟ್ಟು, ಜಮೀನಿನ ವ್ಯಾಜ್ಯಗಳಿಂದ ಬಂದ ಈ ಒರಟು ಮಾತನ್ನು ಆರಿಸಿಕೊಂಡದ್ದು ಒಳ್ಳೆಯದೇ ಆಯಿತು.

ನಮ್ಮ ಊರಿನ ಕಡೆ ಒಬ್ಬ ಮುದುಕರಿದ್ದರು. ಅವರ ಮನೆಯ ಅಟ್ಟದ ಮೇಲೆ ಒಂದು ತಗಡಿನ ಟ್ರಂಕು. ಅದರೊಳಗೆ ಮಗಳ ಮದುವೆಯ ಸೀರೆಯ ಮಡಿಕೆಯಲ್ಲಿ, ನುಸಿಗುಳಿಗೆಯ ವಾಸನೆಯ ನಡುವೆ, ಎಣ್ಣೆಕಾಗದದಲ್ಲಿ ಸುತ್ತಿದ ಹಕ್ಕುಪತ್ರ. 1974ರಲ್ಲಿ ಭೂಸುಧಾರಣೆಯ ಕಾನೂನಿಗೆ ತಿದ್ದುಪಡಿಯಾಗಿ, ಗೇಣಿಗೆ ಉಳುತ್ತಿದ್ದವನೇ ಒಡೆಯನೆಂದು ನಿಂತಮೇಲೆ ಅವರಿಗೆ ಬಂದದ್ದು ಅದು. ಓದುಬರಹ ಅವರಿಗೆ ಬಾರದು. ಆದರೂ ಯಾರಾದರೂ ಓದಬಲ್ಲವರು ಮನೆಗೆ ಬಂದರೆ ಆ ಕಾಗದವನ್ನು ಇಳಿಸಿ, ಮೊಣಕಾಲ ಮೇಲೆ ಬಿಡಿಸಿಟ್ಟುಕೊಂಡು, ತಮ್ಮ ಹೆಸರು ಬರೆದಿರುವ ಎಡೆಯನ್ನು ಬೆರಳಿನಿಂದ ತೋರಿಸಿ, "ಓದಿ ನೋಡೋಣ" ಎನ್ನುವರು. ಓದಿ ಹೇಳಿದರೆ ಸಾಕು, ಮಡಿಚಿ ಒಳಗಿಡುವರು. ಅದೇ ಗದ್ದೆಯನ್ನು ಅವರ ತಂದೆಯೂ ಉತ್ತಿದ್ದನು. ಒಡೆಯರು ಒಳ್ಳೆಯವರಾಗಿದ್ದುದರಿಂದ ಅವನನ್ನು ಯಾರೂ ಎಬ್ಬಿಸಿರಲಿಲ್ಲ. ಉತ್ತ ಮಣ್ಣು ಒಂದೇ, ಬೆಳೆದ ಭತ್ತವೂ ಒಂದೇ. ತಂದೆಗೂ ಮಗನಿಗೂ ಇದ್ದ ಅಂತರ ಆ ಒಂದು ಕಾಗದದಷ್ಟು.

ಪಾಶ್ಚಾತ್ಯ ದೇಶಗಳಲ್ಲಿ ಈ ಕಥೆಯನ್ನು 1215ರಿಂದ ಆರಂಭಿಸುವುದು ರೂಢಿ. ಇಂಗ್ಲೆಂಡಿನ ಜಾನ್ ದೊರೆಯು ತನ್ನ ಸಾಮಂತರ ಬಲಾತ್ಕಾರಕ್ಕೆ ಮಣಿದು ಥೇಮ್ಸ್ ನದಿಯ ದಡದ ರನ್ನಿಮೀಡಿನಲ್ಲಿ ಮ್ಯಾಗ್ನಾಕಾರ್ಟ ಎಂಬ ಸನ್ನದಿಗೆ ಮುದ್ರೆಯೊತ್ತಿದನು. ಕಾನೂನಿನ ತೀರ್ಪಿಲ್ಲದೆ ಸ್ವತಂತ್ರ ಪುರುಷನನ್ನು ಸೆರೆಹಿಡಿಯಕೂಡದೆಂಬ ನಿಯಮ ಅದರಲ್ಲಿ ಇದ್ದುದು ನಿಜ. ಆದರೆ ಆ ದೇಶದ ಬೇಸಾಯಗಾರರಲ್ಲಿ ಬಹುಪಾಲು ಜನ ಆಗ ಜೀತದವರು. 'ಸ್ವತಂತ್ರ ಪುರುಷ' ಎಂಬ ಮಾತಿನ ಬೇಲಿಯ ಆಚೆ ನಿಂತವರು. ಸನ್ನದೂ ಮೂರು ತಿಂಗಳು ಬಾಳಲಿಲ್ಲ. ಪೋಪ್ ಗುರುವು ಅದನ್ನು ರದ್ದುಗೊಳಿಸಿದನು. ಮುಂದಿನ ದೊರೆಗಳ ಕಾಲದಲ್ಲಿ ಅದು ಮತ್ತೆ ಮತ್ತೆ ಎದ್ದು ಕುಳಿತದ್ದು ಬೇರೆಯ ಮಾತು.

1789ರ ಆಗಸ್ಟಿನಲ್ಲಿ ಫ್ರಾನ್ಸಿನ ಜನಪ್ರತಿನಿಧಿಗಳು 17 ವಿಧಿಗಳ ಘೋಷಣೆಯೊಂದನ್ನು ಹೊರಡಿಸಿ, ಪುರುಷನ ಮತ್ತು ಪೌರನ ಹಕ್ಕುಗಳನ್ನು ಜಗತ್ತಿಗೆ ಸಾರಿದರು. ಅಲ್ಲಿಯೂ ಅದೇ ತೊಡಕು. ಅವರ ಭಾಷೆಯಲ್ಲಿ ಮನುಷ್ಯನಿಗೂ ಗಂಡಸಿಗೂ ಒಂದೇ ಶಬ್ದ. ಒಲಾಂಪ್ ದ ಗೂಜ್ ಎಂಬ ನಾಟಕಕರ್ತ್ರಿಯು ಎರಡು ವರ್ಷದ ತರುವಾಯ, ಆ ಘೋಷಣೆಯ ಒಂದೊಂದು ವಿಧಿಯನ್ನೂ ಎತ್ತಿಕೊಂಡು ಹೆಂಗಸಿನ ಹೆಸರಿನಲ್ಲಿ ತಿರುಗಿ ಬರೆದಳು. ವಧಸ್ತಂಭವನ್ನೇರಲು ಹೆಣ್ಣಿಗೆ ಅಡ್ಡಿಯಿಲ್ಲವೆಂದಮೇಲೆ ಸಭಾವೇದಿಕೆಯನ್ನೇರಲು ಏಕೆ ಅಡ್ಡಿಯೆಂದು ಕೇಳಿದಳು. 1793ರ ನವೆಂಬರಿನಲ್ಲಿ ಅವಳನ್ನು ಆ ಮೊದಲನೆಯದರ ಮೇಲೆ ಏರಿಸಿದರು. ಆ ದೇಶದ ಹೆಂಗಸರಿಗೆ ಮತದಾನದ ಹಕ್ಕು ದೊರೆತದ್ದು 1944ರಲ್ಲಿ.

ಅಮೆರಿಕದ ಸ್ವಾತಂತ್ರ್ಯಘೋಷಣೆಯನ್ನು ಬರೆದ ಜೆಫರ್ಸನ್ ಮಹಾಶಯನ ತೋಟಗಳಲ್ಲಿ ಗುಲಾಮರಿದ್ದರೆಂಬುದೂ, 1833ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಗುಲಾಮಗಿರಿಯನ್ನು ಎತ್ತಿಹಾಕಿದಾಗ 2 ಕೋಟಿ ಪೌಂಡುಗಳ ಪರಿಹಾರವನ್ನು ಗುಲಾಮರಿಗಲ್ಲ, ಅವರ ಒಡೆಯರಿಗೆ ಕೊಟ್ಟಿತೆಂಬುದೂ ಎಲ್ಲರೂ ಬಲ್ಲ ವಿಷಯಗಳೇ. ಇವನ್ನು ನೆನಪಿಗೆ ತಂದುದು ಪರದೇಶದವರನ್ನು ಹಳಿಯುವುದಕ್ಕಲ್ಲ. ನಮ್ಮ ಮನೆಯ ಲೆಕ್ಕ ಇದಕ್ಕಿಂತ ಕಹಿಯಾದುದು. ಕೊಲಾಬ ಜಿಲ್ಲೆಯ ಮಹಾಡದಲ್ಲಿ ಚೌದಾರ್ ಕೆರೆಯೆಂಬುದೊಂದು ಸಾರ್ವಜನಿಕ ಕೆರೆ. ಅಲ್ಲಿ ದನ ಕುಡಿಯುತ್ತಿದ್ದುವು, ನಾಯಿ ಕುಡಿಯುತ್ತಿದ್ದುವು, ಅನ್ಯಮತೀಯರು ಕುಡಿಯುತ್ತಿದ್ದರು. ಅಸ್ಪೃಶ್ಯರೆನಿಸಿದ ಹಿಂದುಗಳು ಕುಡಿಯುವಂತಿರಲಿಲ್ಲ. ಸಾರ್ವಜನಿಕ ಕೆರೆಬಾವಿಗಳು ಎಲ್ಲರಿಗೂ ತೆರೆದಿರತಕ್ಕದ್ದೆಂದು 1923ರಲ್ಲಿಯೇ ಮುಂಬಯಿಯ ಶಾಸನಸಭೆಯು ನಿರ್ಣಯಿಸಿದ್ದಿತು. ಮಹಾಡದ ಪುರಸಭೆಯೂ ಅದನ್ನು ಅನುಮೋದಿಸಿದ್ದಿತು. ನಿರ್ಣಯವು ಕಾಗದದಲ್ಲಿ ಒಣಗಿತ್ತು. ನೀರು ಕೆರೆಯಲ್ಲಿಯೇ ಇತ್ತು. 1927ರ ಮಾರ್ಚ್ 20ರಂದು ಡಾಕ್ಟರ್ ಅಂಬೇಡ್ಕರರು ಸಾವಿರಾರು ಜನರೊಡನೆ ಮೆರವಣಿಗೆಯಲ್ಲಿ ಹೋಗಿ, ಮೆಟ್ಟಿಲಿಳಿದು, ಬೊಗಸೆಯಲ್ಲಿ ಆ ನೀರನ್ನೆತ್ತಿ ಕುಡಿದರು. ಹಿಂದಿರುಗುತ್ತಿದ್ದವರ ಮೇಲೆ ದೊಣ್ಣೆಗಳು ಬಿದ್ದುವು. ಅನಂತರ ಪುರದ ಸನಾತನಿಗಳು 108 ಕೊಡಗಳಲ್ಲಿ ಹಾಲು ಮೊಸರು ಗೋಮಯ ಗೋಮೂತ್ರಗಳನ್ನು ಸುರಿದು ಕೆರೆಯನ್ನು 'ಶುದ್ಧಿ' ಮಾಡಿದರು. ದನದ ಸಗಣಿಯಿಂದ ಶುದ್ಧವಾಗುವ ನೀರು ಮನುಷ್ಯನ ಬೊಗಸೆಯಿಂದ ಮೈಲಿಗೆಯಾದೀತೆಂಬ ತರ್ಕವನ್ನು ಯಾವ ನೈಯಾಯಿಕನು ಸಾಧಿಸಿಕೊಟ್ಟನೋ ತಿಳಿಯದು. ವ್ಯಾಜ್ಯವು ಮುಂಬಯಿಯ ಹೈಕೋರ್ಟಿನವರೆಗೆ ನಡೆದು, ಕೆರೆಯ ನೀರು ಎಲ್ಲರದೆಂದು ಇತ್ಯರ್ಥವಾಗುವ ಹೊತ್ತಿಗೆ 1937 ಬಂದಿತ್ತು. ಆ ನೀರು ಕುಡಿಯದಿದ್ದರೆ ತಾವೇನೂ ಸಾಯುವುದಿಲ್ಲ, ತಾವೂ ಮನುಷ್ಯರೆಂಬುದನ್ನು ಸ್ಥಾಪಿಸಲೆಂದೇ ಹೋಗುವುದೆಂದು ಅಂಬೇಡ್ಕರರು 1927ರ ಕೊನೆಯಲ್ಲಿಯೇ ಮಹಾಡದಲ್ಲಿ ನಡೆದ ಎರಡನೆಯ ಸಮ್ಮೇಲನದಲ್ಲಿ ವಿವರಿಸಿದ್ದರು. ಹಕ್ಕೆಂಬುದರ ತಿರುಳನ್ನು ಇದಕ್ಕಿಂತ ಸಂಕ್ಷೇಪವಾಗಿ ಹೇಳಿದವರನ್ನು ನಾನರಿಯೆ.

ಇಷ್ಟಾದರೂ ಇವೆಲ್ಲ ಒಂದೊಂದು ದೇಶದ ಒಳಗಣ ಮಾತುಗಳು. ಪ್ರಜೆಯನ್ನು ಅವನ ದೊರೆತನ ಹೇಗೆ ನಡಸಿಕೊಂಡರೂ ನೆರೆಯವರು ಕೇಳಕೂಡದೆಂಬುದು ರಾಜನೀತಿಯ ಸಾಮಾನ್ಯಸೂತ್ರವಾಗಿದ್ದಿತು. ಮನೆಯ ಯಜಮಾನನು ಹೆಂಡತಿಯನ್ನು ಹೊಡೆಯುವಾಗ ಬೀದಿಯವರು ಕದ ಮುಚ್ಚಿಕೊಳ್ಳುವಂತೆ. ಆ ಸೂತ್ರವನ್ನು ಕಡಿದುಹಾಕಿದವನು ಹಿಟ್ಲರ್. 1935ರಲ್ಲಿ ನ್ಯೂರೆಂಬರ್ಗಿನಲ್ಲಿ ಅವನು ಮಾಡಿಸಿದ ಕಾನೂನುಗಳು ಯೆಹೂದ್ಯರ ಪೌರತ್ವವನ್ನು ಕಿತ್ತುಕೊಂಡುವು. ಮುಂದೆ ನಡೆದ ಲಕ್ಷಾಂತರ ಹತ್ಯೆಗಳಿಗೂ ಮೊದಲು ನಡೆದುದು ಈ ಲೆಕ್ಕಣಿಕೆಯ ಕೆಲಸ. ಅಲ್ಲಿ ಗುಮಾಸ್ತೆಯಿದ್ದನು, ಕಡತವಿತ್ತು, ಮೊಹರಿತ್ತು, ರುಜುವಿತ್ತು. ಎಲ್ಲವೂ ಕಾನೂನಿನಂತೆಯೇ ಸಾಗುತ್ತಿತ್ತು. ಕಾನೂನೇ ಕೊಲೆಗಡುಕನಾದಲ್ಲಿ ದೂರನ್ನು ಯಾರಲ್ಲಿ ಕೊಂಡೊಯ್ಯಬೇಕು? ಎರಡನೆಯ ಮಹಾಯುದ್ಧದ ಬೂದಿಯಲ್ಲಿ ನಿಂತು ಜಗತ್ತು ಕೇಳಿಕೊಂಡ ಪ್ರಶ್ನೆ ಇದು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಆಯೋಗವು 1947ರ ಆದಿಯಲ್ಲಿ ನ್ಯೂಯಾರ್ಕಿನ ಬಳಿಯ ಲೇಕ್ ಸಕ್ಸೆಸಿನಲ್ಲಿ ಮೊದಲ ಬಾರಿ ಸೇರಿದುದು ಇದಕ್ಕೆ ಉತ್ತರ ಹುಡುಕುವುದಕ್ಕಾಗಿ.

ಆ ಆಯೋಗದ ಕಲಾಪಗಳು ಒಂದು ನಾಟಕದಷ್ಟು ಸ್ವಾರಸ್ಯವಾದುವು. ಅಧ್ಯಕ್ಷಿಣಿ, ಅಮೆರಿಕದ ದಿವಂಗತ ರಾಷ್ಟ್ರಾಧ್ಯಕ್ಷನ ಪತ್ನಿ ಎಲಿನಾರ್ ರೂಸ್‌ವೆಲ್ಟ್. ಚೀನದ ಪಿ. ಸಿ. ಚಾಂಗರು ಕನ್‌ಫ್ಯೂಷಿಯಸನ ಶಿಷ್ಯಪರಂಪರೆಯವರು. ಲೆಬನಾನಿನ ಚಾರ್ಲ್ಸ್ ಮಲಿಕರು ಕ್ರೈಸ್ತ ದಾರ್ಶನಿಕರು. ಇಬ್ಬರ ವಾದವೂ ಎಷ್ಟೋ ವೇಳೆ ಚಹಾದ ಮೇಜಿನವರೆಗೂ ಮುಂದುವರಿಯುತ್ತಿತ್ತು. ಮೊದಲ ಕರಡನ್ನು ಕೆನಡದ ಜಾನ್ ಹಂಫ್ರಿಯವರು ಕೂಡಿಸಿದರು. ಫ್ರಾನ್ಸಿನ ರೆನೆ ಕಸ್ಸಾನರು ಅದನ್ನು ಅಡಕಮಾಡಿ ತಿದ್ದಿದರು. 18 ದೇಶಗಳ ಈ ಆಯೋಗದಲ್ಲಿ ಅಧ್ಯಕ್ಷಿಣಿಯಲ್ಲದೆ ಇದ್ದ ಇನ್ನೊಬ್ಬಳೇ ಹೆಂಗಸು ಭಾರತದ ಪ್ರತಿನಿಧಿ, ಹಂಸಾ ಮೆಹತಾ.

ಸೂರತ್ತಿನಲ್ಲಿ 1897ರಲ್ಲಿ ಹುಟ್ಟಿ, ಬರೋಡೆಯ ದಿವಾನರ ಮಗಳಾಗಿ ಬೆಳೆದು, ಸತ್ಯಾಗ್ರಹದಲ್ಲಿ ಸೆರೆಮನೆಯನ್ನೂ ಕಂಡುಬಂದ ಈ ಮಹಿಳೆ ಷೇಕ್ಸ್‌ಪಿಯರನನ್ನು ಗುಜರಾತಿಗೆ ತಂದವಳು, ಮಕ್ಕಳಿಗಾಗಿ ಪುಸ್ತಕ ಬರೆದವಳು. 1947ರ ಆಗಸ್ಟ್ 14ರ ನಡುರಾತ್ರಿ ಭಾರತದ ಸ್ತ್ರೀಯರ ಪರವಾಗಿ ರಾಷ್ಟ್ರಧ್ವಜವನ್ನು ಸಂವಿಧಾನಸಭೆಗೆ ಒಪ್ಪಿಸಿದವಳೂ ಅವಳೇ. ಶಬ್ದಗಳ ಬೆಲೆ ಬಲ್ಲವಳು. ಕರಡಿನ ಮೊದಲ ವಿಧಿಯಲ್ಲಿ 'ಎಲ್ಲ ಪುರುಷರೂ' ಎಂಬರ್ಥ ಬರುವ ಇಂಗ್ಲಿಷ್ ಪದವಿದ್ದುದನ್ನು ಕಂಡು ಅವಳು ಆಕ್ಷೇಪಿಸಿದಳು. ಇಂಗ್ಲಿಷಿನಲ್ಲಿ ಆ ಪದವು ಹೆಂಗಸರನ್ನೂ ಒಳಗೊಳ್ಳುತ್ತದೆಂಬುದು ಸರ್ವವಿದಿತವೆಂದು ಅಧ್ಯಕ್ಷಿಣಿಯೇ ಸಮಾಧಾನ ಹೇಳಿದಳು. ಹಂಸಾ ಮೆಹತಾ ಸಮಾಧಾನಗೊಳ್ಳಲಿಲ್ಲ. ಒಳಗೊಳ್ಳುತ್ತದೆಂದು ಇಂದು ಹೇಳುವವರು ನಾಳೆ ಹೊರತಳ್ಳಬಹುದೆಂಬುದು ಅವಳ ಅಳುಕು; ಅದು ನಿರಾಧಾರವಾದುದೂ ಅಲ್ಲ. ಚರ್ಚೆ ತಿಂಗಳುಗಟ್ಟಲೆ ನಡೆಯಿತು. ಬೇರೆ ದೇಶಗಳ ಸ್ತ್ರೀ ಪ್ರತಿನಿಧಿಗಳೂ ದನಿಗೂಡಿಸಿದರು. ಕಡೆಗೆ ಆ ಎಡೆಯಲ್ಲಿ 'ಮಾನವಜೀವಿಗಳು' ಎಂದು ಬಿತ್ತು. ಕನ್ನಡದಲ್ಲಿ ಬರೆಯುವ ನಾವು ಇದನ್ನೋದಿ ಒಳಗೊಳಗೇ ಬೀಗಬಹುದು: ನಮ್ಮ 'ಮನುಷ್ಯರು', 'ಅವರು' ಎಂಬ ಬಹುವಚನಗಳಿಗೆ ಲಿಂಗಭೇದವಿಲ್ಲವಲ್ಲವೆ? ಆದರೆ ಏಕವಚನಕ್ಕೆ ಇಳಿದೊಡನೆ ನಮ್ಮ ಲೇಖನಿಯಿಂದಲೂ 'ಮನುಷ್ಯನು' ಎಂಬ ಪುಲ್ಲಿಂಗವೇ ಹೊರಡುತ್ತದೆ. ಈ ಲೇಖನದಲ್ಲಿಯೇ ಅದು ಎಷ್ಟು ಸಲ ಹೊರಟಿದೆಯೋ ಎಣಿಸಿ ನೋಡಿರಿ.

ಈ ಕಾಲದಲ್ಲಿಯೇ ಯುನೆಸ್ಕೊ ಸಂಸ್ಥೆಯು ಲೋಕದ ಚಿಂತಕರ ಅಭಿಪ್ರಾಯವನ್ನು ಕೇಳಿ ಕಾಗದ ಬರೆಯಿತು. ಗಾಂಧೀಜಿಯವರು 1947ರ ಮೇ ತಿಂಗಳಲ್ಲಿ ಕೊಟ್ಟ ಚಿಕ್ಕ ಉತ್ತರದ ಸಾರವೇನೆಂದರೆ, ಕರ್ತವ್ಯವನ್ನು ಚೆನ್ನಾಗಿ ನೆರವೇರಿಸಿದುದರಿಂದಲೇ ಹಕ್ಕುಗಳು ಹುಟ್ಟುತ್ತವೆಂಬುದನ್ನು ತಾವು ಓದುಬಾರದ, ವಿವೇಕಿಯಾದ ತಾಯಿಯಿಂದ ಕಲಿತರೆಂಬುದು. ಮಹಾತ್ಮರ ಮಾತಿಗೆ ಎದುರಾಡಲು ಅಳುಕಾಗುತ್ತದೆ. ಪ್ರಬಲನಾದವನಿಗೆ ಈ ಉಪದೇಶ ಅಮೃತಸಮಾನವೇ ಸರಿ. ಆದರೆ ಚೌದಾರ್ ಕೆರೆಯ ಮೆಟ್ಟಿಲಲ್ಲಿ ಬಾಯಾರಿ ನಿಂತವನನ್ನು ಕುರಿತು, ಮೊದಲು ನಿನ್ನ ಕರ್ತವ್ಯವನ್ನು ಮಾಡು, ಆಮೇಲೆ ನೀರು ಎಂದರೆ, ಅರ್ಹತೆಯ ಆ ಹಳೆಯ ಬಾಗಿಲು ಮತ್ತೆ ಮುಚ್ಚಿಕೊಳ್ಳುವುದಿಲ್ಲವೆ? ಅವನು ತಲೆತಲಾಂತರದಿಂದ ಕರ್ತವ್ಯವನ್ನಲ್ಲದೆ ಬೇರೇನನ್ನೂ ಮಾಡಿದವನಲ್ಲ.

1948ರ ಡಿಸೆಂಬರ್ 10ರಂದು, ಪ್ಯಾರಿಸ್ಸಿನ ಶಾಯೋ ಅರಮನೆಯಲ್ಲಿ, 30 ವಿಧಿಗಳ ಸಾರ್ವತ್ರಿಕ ಘೋಷಣೆಯು ವೋಟಿಗೆ ಬಂದಿತು. ಪರವಾಗಿ 48 ದೇಶಗಳು; ವಿರುದ್ಧವಾಗಿ ಒಂದೂ ಇಲ್ಲ; ತಟಸ್ಥವಾಗಿ ಉಳಿದುವು 8. ಸೋವಿಯತ್ ಬಣದ 6 ದೇಶಗಳು, ಸೌದಿ ಅರೇಬಿಯ, ದಕ್ಷಿಣ ಆಫ್ರಿಕ ಇವೇ ಆ ಎಂಟು. ದಕ್ಷಿಣ ಆಫ್ರಿಕದಲ್ಲಿ ಅದೇ ವರ್ಷ ವರ್ಣಭೇದದ ಪಕ್ಷವು ಪಟ್ಟಕ್ಕೆ ಬಂದಿತ್ತು. ಅದರ ಮೌನಕ್ಕೆ ಅರ್ಥವಿದ್ದಿತು. ಆಫ್ರಿಕದ ಉಳಿದ ಬಹುಭಾಗವು ಇನ್ನೂ ಯೂರೋಪಿನ ಒಡೆತನದಲ್ಲಿದ್ದು, ಆ ಒಡೆಯರೇ ಕೈಯೆತ್ತಿ ಪರವಾಗಿ ವೋಟು ಹಾಕಿದರೆಂಬುದನ್ನೂ ಮರೆಯಬಾರದು. ಘೋಷಣೆಗೆ ಕಾನೂನಿನ ಬಲವಿರಲಿಲ್ಲ. ಬಲವುಳ್ಳ ಎರಡು ಒಡಂಬಡಿಕೆಗಳು ಅದರಿಂದ ಹುಟ್ಟಲು 1966 ಬರಬೇಕಾಯಿತು. ಭಾರತವು ಅವಕ್ಕೆ ಸೇರಿದ್ದು 1979ರಲ್ಲಿ.

ನಮ್ಮ ಸಂವಿಧಾನವೂ ಅದೇ ದಿನಗಳಲ್ಲಿ ದೆಹಲಿಯಲ್ಲಿ ರೂಪುಗೊಳ್ಳುತ್ತಿತ್ತು. ಅಲ್ಲಿಯೂ ಒಂದು ಮಾತಿನ ಕಥೆಯುಂಟು, ಅದರ ನಾಯಕನು ನಮ್ಮ ಕರಾವಳಿಯವನು. ಸಂವಿಧಾನಸಭೆಯ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾಯರು ದಕ್ಷಿಣ ಕನ್ನಡ ಜಿಲ್ಲೆಯ ಮನೆತನದವರು. 1947ರ ಕೊನೆಯಲ್ಲಿ ಅವರು ಅಮೆರಿಕಕ್ಕೆ ಹೋಗಿ ಅಲ್ಲಿಯ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫ್ರಾಂಕ್‌ಫರ್ಟರರೊಡನೆ ಸಮಾಲೋಚಿಸಿದರು. ಕರಡಿನಲ್ಲಿ, ಯಥಾನ್ಯಾಯವಾದ ವಿಚಾರಣೆಯಿಲ್ಲದೆ ಯಾರ ಜೀವವನ್ನೂ ಸ್ವಾತಂತ್ರ್ಯವನ್ನೂ ಕಳೆಯಕೂಡದೆಂಬ ಅಮೆರಿಕದ ಮಾದರಿಯ ಮಾತಿದ್ದಿತು. ಅದರಿಂದ ನ್ಯಾಯಾಧೀಶರ ಕೈ ಬಲವಾಗಿ, ಬಡವರಿಗಾಗಿ ಮಾಡಿದ ಕಾನೂನುಗಳನ್ನು ಹೊಡೆದುಹಾಕಲು ಅವಕಾಶವಾಗುವುದೆಂದು ಫ್ರಾಂಕ್‌ಫರ್ಟರರು ಎಚ್ಚರಿಸಿದರು. ಅವರ ದೇಶದಲ್ಲಿ ಹಾಗೆ ಆಗಿಯೂ ಇದ್ದಿತು. ಭೂಸುಧಾರಣೆಯ ಕನಸು ಕಾಣುತ್ತಿದ್ದ ಭಾರತಕ್ಕೆ ಅದು ಹೌದಾದ ಭಯವೇ. ರಾಯರು ಹಿಂದಿರುಗಿದ ಮೇಲೆ ಆ ಮಾತು ಹೋಗಿ, 'ಕಾನೂನಿನಿಂದ ಸ್ಥಾಪಿತವಾದ ಕ್ರಮ' ಎಂಬುದು 21ನೆಯ ಅನುಚ್ಛೇದದಲ್ಲಿ ಬಂದು ಕುಳಿತಿತು. ಕ್ರಮವೊಂದಿದ್ದರಾಯಿತು, ಅದು ನ್ಯಾಯವಾಗಿರಬೇಕೆಂದು ಅಲ್ಲಿ ಬರೆದಿರಲಿಲ್ಲ. ನಮ್ಮೂರಿನ ಮುದುಕರ ಟ್ರಂಕಿನೊಳಗಣ ಕಾಗದಕ್ಕೆ ಕಾರಣವಾದ ವಿಚಾರಧಾರೆಯೇ, ನಡುರಾತ್ರಿ ಕದ ತಟ್ಟುವ ಪೊಲೀಸಿನವನಿಗೂ ದಾರಿ ಮಾಡಿಕೊಟ್ಟಿತೆಂದರೆ ಅತ್ಯುಕ್ತಿಯಾಗದು. ಇಬ್ಬರು ಪ್ರಾಮಾಣಿಕರು ಸದುದ್ದೇಶದಿಂದ ತೀರ್ಮಾನಿಸಿದ್ದರ ಫಲ ಹೀಗಾದುದನ್ನು ಕಂಡು, ಬಯ್ಯಲು ಯಾರೂ ಸಿಕ್ಕದೆ ನನಗೆ ಪೇಚಾಡುವಂತಾಗುತ್ತದೆ.

1975ರ ಜೂನಿನಲ್ಲಿ ತುರ್ತುಪರಿಸ್ಥಿತಿ ಬಂದಿತು. ಪಾರ್ಲಿಮೆಂಟಿನ ಸಮಿತಿಯ ಕೆಲಸದ ಮೇಲೆ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮೊದಲಾದವರನ್ನು ಇಲ್ಲಿಯೇ ಹಿಡಿದು ಇಲ್ಲಿಯ ಸೆಂಟ್ರಲ್ ಜೈಲಿನಲ್ಲಿಟ್ಟರು. ವಿಚಾರಣೆಯಿಲ್ಲದೆ ಸೆರೆಯಲ್ಲಿರುವವನು ನ್ಯಾಯಾಲಯದ ಕದ ತಟ್ಟಬಹುದೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟನ್ನು ಮುಟ್ಟಿದಾಗ, ನ್ಯಾಯಮೂರ್ತಿ ಖನ್ನಾ ಅವರು ಸರ್ಕಾರದ ವಕೀಲರನ್ನು ಒಂದು ಮಾತು ಕೇಳಿದರು: ಪೊಲೀಸಿನವನೊಬ್ಬನು ಬರಿಯ ಹಗೆತನಕ್ಕಾಗಿ ಒಬ್ಬನನ್ನು ಕೊಂದರೂ ಈಗ ಪರಿಹಾರವಿಲ್ಲವೇ? ತುರ್ತುಪರಿಸ್ಥಿತಿ ಇರುವವರೆಗೆ ಇಲ್ಲವೆಂಬುದೇ ಉತ್ತರವಾಗಿತ್ತು. 1976ರ ಏಪ್ರಿಲ್ 28ರಂದು ನಾಲ್ವರು ನ್ಯಾಯಮೂರ್ತಿಗಳು ಸರ್ಕಾರದ ಪಕ್ಷವನ್ನು ಹಿಡಿದರು. ಖನ್ನಾ ಒಬ್ಬರೇ ಬೇರೆಯಾಗಿ ನಿಂತರು, ಮುಂದೆ ಮುಖ್ಯ ನ್ಯಾಯಮೂರ್ತಿಯ ಪೀಠವನ್ನು ಅದಕ್ಕೆ ಬೆಲೆಯಾಗಿ ತೆತ್ತರು. ನಾಲ್ವರಲ್ಲಿ ಒಬ್ಬರು, ಸೆರೆಯಾಳುಗಳಿಗೆ ಸರ್ಕಾರ ತೋರುತ್ತಿರುವ ಆರೈಕೆ ಹೆಚ್ಚು ಕಡಿಮೆ ತಾಯಿಯ ಆರೈಕೆಯಂತಿದೆಯೆಂದು ಬರೆದರು.

ಅಭಯವೆಂಬುದು ಎಲ್ಲಿಗೆ ಇಳಿಯಬಲ್ಲುದೆಂಬುದನ್ನು ಆ ವಾಕ್ಯ ತೋರಿಸುತ್ತದೆ. ತೀರ್ಪು ಬಂದ ಕೆಲವೇ ದಿನಗಳಲ್ಲಿ, 'ಸಂಸ್ಕಾರ' ಚಲನಚಿತ್ರದ ನಟಿ ಸ್ನೇಹಲತಾ ರೆಡ್ಡಿಯವರನ್ನು ಬಂಧಿಸಿ ಅದೇ ಬೆಂಗಳೂರಿನ ಜೈಲಿಗೆ ಒಯ್ದರು. ಅವರಿಗೆ ಉಬ್ಬಸದ ಕಾಯಿಲೆ. ಸುಮಾರು ಎಂಟು ತಿಂಗಳು ಆ ಕೋಣೆಯಲ್ಲಿ ಉಸಿರಿಗಾಗಿ ಹೆಣಗಿ, ಬದುಕುವುದಿಲ್ಲವೆಂದಾದಾಗ ಹೊರಗೆ ಬಂದ ಅವರು, 1977ರ ಜನವರಿಯಲ್ಲಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು.

ಆ ತೀರ್ಪನ್ನು ಅಳಿಸುವುದಕ್ಕೆ ನಮಗೆ 41 ವರ್ಷ ಹಿಡಿಯಿತು. 1978ರಲ್ಲಿ ಮೇನಕಾ ಗಾಂಧಿಯವರ ಮೊಕದ್ದಮೆಯಲ್ಲಿ, 'ಕ್ರಮ'ವೆಂದರೆ ನ್ಯಾಯವಾದ ಕ್ರಮವೇ ಆಗಿರತಕ್ಕದ್ದೆಂದು ಸುಪ್ರೀಂ ಕೋರ್ಟು ಹೇಳಿ, ನರಸಿಂಗ ರಾಯರ ಕಾಲದಲ್ಲಿ ಬಿಟ್ಟುಹೋದ ಮಾತನ್ನು ಹಿಂಬಾಗಿಲಿನಿಂದ ಒಳಕ್ಕೆ ಕರೆದುಕೊಂಡಿತು. ಖಾಸಗಿ ಬಾಳು ಮೂಲಭೂತ ಹಕ್ಕೇ ಎಂದು ಒಂಬತ್ತು ಮಂದಿ ನ್ಯಾಯಮೂರ್ತಿಗಳು 2017ರಲ್ಲಿ ಇತ್ಯರ್ಥಮಾಡಿದ ಮೊಕದ್ದಮೆಯಲ್ಲಿ 1976ರ ತೀರ್ಪು ಹೆಸರು ಹಿಡಿದು ರದ್ದಾಯಿತು. ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ, ತೊಂಬತ್ತರ ವೃದ್ಧ ಕೆ. ಎಸ್. ಪುಟ್ಟಸ್ವಾಮಿಯವರು. 1976ರಲ್ಲಿ ಸರ್ಕಾರದ ಪಕ್ಷ ಹಿಡಿದವರಲ್ಲಿ ಒಬ್ಬರು ವೈ. ವಿ. ಚಂದ್ರಚೂಡರು, ಅದು ತಪ್ಪೆಂದು 2017ರಲ್ಲಿ ಬರೆದವರು ಅವರ ಮಗ. ತಂದೆಯ ಸಾಲವನ್ನು ಮಗನು ತೀರಿಸುವುದು ನಮ್ಮಲ್ಲಿ ಪುಣ್ಯಕಾರ್ಯವೆನಿಸಿದೆ; ಬಡ್ಡಿ ತೆತ್ತವರು ಮಾತ್ರ ಬೇರೆಯವರು.

ನ್ಯಾಯಾಲಯಗಳ ಮಾತು ಹೆಚ್ಚಾಯಿತು. 1993ರ ಕಾಯಿದೆಯಂತೆ ರಾಷ್ಟ್ರಕ್ಕೂ ರಾಜ್ಯಗಳಿಗೂ ಮಾನವ ಹಕ್ಕುಗಳ ಆಯೋಗಗಳು ಬಂದಿವೆ. ಅವು ಶಿಫಾರಸು ಮಾಡಬಲ್ಲುವು, ಆಜ್ಞಾಪಿಸಲಾರವು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ, 1970ರ ದಶಕದ ಮೊದಲಲ್ಲಿಯೇ ನಿಷೇಧಿಸಿದರು. ದೇಶಕ್ಕೆಲ್ಲ ಅನ್ವಯಿಸುವ ಕಾನೂನು ಬರುವುದಕ್ಕೂ ಎಷ್ಟೋ ಮುಂಚೆ. ಆದರೂ 2010ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ, ಇರುವ ನೆಲೆಯಿಂದ ತಮ್ಮನ್ನು ಎಬ್ಬಿಸುತ್ತಾರೆಂದು ನೊಂದ ಭಂಗಿ ಜನರು, ಪುರಸಭೆಯ ಎದುರಿಗೆ ತಮ್ಮ ತಲೆಯ ಮೇಲೆ ತಾವೇ ಮಲವನ್ನು ಸುರಿದುಕೊಂಡು ನಿಂತರು. ಅರ್ಜಿ ಬರೆದು ಬರೆದು ಸೋತವರು ಹಾಗೆ ನಿಂತಮೇಲೆ, ಅದುವರೆಗೆ ಓದದಿದ್ದವರೆಲ್ಲ ಓದಿದರು.

ಬೆಂಗಳೂರಿನ ಆ ಹಳೆಯ ಸೆಂಟ್ರಲ್ ಜೈಲು ಈಗ ಫ್ರೀಡಂ ಪಾರ್ಕ್. ಕಾವಲು ಗೋಪುರವನ್ನೂ ಕೆಲವು ಬ್ಯಾರಕುಗಳನ್ನೂ ಉಳಿಸಿಕೊಂಡು ಮಿಕ್ಕ ಕಡೆ ಹುಲ್ಲು ಬೆಳೆಸಿದ್ದಾರೆ. ನಗರದಲ್ಲಿ ಧರಣಿ ಪ್ರತಿಭಟನೆಗಳನ್ನು ನಡಸುವವರು ಇಲ್ಲಿಯೇ ನಡಸತಕ್ಕದ್ದು, ಬೇರೆಲ್ಲಿಯೂ ಕೂಡದೆಂದು 2021ರಲ್ಲಿ ಆಜ್ಞೆಯಾಗಿದೆ. ಹೋದ ವರ್ಷ ಒಂದು ಮಧ್ಯಾಹ್ನ ನಾನು ಅಲ್ಲಿಗೆ ಹೋದಾಗ, ದೂರದ ಜಿಲ್ಲೆಗಳಿಂದ ರಾತ್ರಿಯ ರೈಲಿನಲ್ಲಿ ಬಂದ ಹೆಂಗಸರು, ಒಂದೇ ಬಣ್ಣದ ಸೀರೆಯುಟ್ಟವರು, ಗೌರವಧನವೆಂಬ ಹೆಸರಿನ ಸಂಬಳವನ್ನು ಹೆಚ್ಚಿಸಬೇಕೆಂದು ಕುಳಿತಿದ್ದರು. ಬಿಸಿಲು ಸರಿದಂತೆ ಅವರು ಹಳೆಯ ಗೋಡೆಯ ನೆರಳಿಗೆ ಸರಿಯುತ್ತಿದ್ದರು. ಒಬ್ಬಳು ರೊಟ್ಟಿಯ ಗಂಟನ್ನು ಬಿಚ್ಚಿ, ಪಕ್ಕದಲ್ಲಿ ಲಾಠಿಯೂರಿ ಕುಳಿತಿದ್ದ ಪೊಲೀಸ್ ಹೆಣ್ಣುಮಗಳಿಗೂ ಚಟ್ನಿಪುಡಿ ಹಾಕಿ ಒಂದು ಕೊಟ್ಟಳು. ಅವಳು ತಿನ್ನುತ್ತಲೇ ಕೈಗಡಿಯಾರವನ್ನು ನೋಡಿಕೊಂಡು, "ಅಕ್ಕಾ, ಪರ್ಮಿಷನ್ನು ಸಂಜೆಯ ತನಕ ಅಷ್ಟೇ" ಎಂದಳು. ರೊಟ್ಟಿ ಕೊಟ್ಟವಳು ಗೋಡೆಗೆ ಒರಗಿ ಕಾಲು ಚಾಚಿಕೊಂಡು, "ಇನ್ನೂ ಹೊತ್ತೈತಿ, ಉಣ್ಣು" ಎಂದಳು.